ಮಸೂರದ ಪೊಟ್ಟಣದ ಮೇಲಿನ ತಾರೀಖು

ಸ್ಪರ್ಶ ಮಸೂರ ಅಥವಾ ಕಾಂಟ್ಯಾಕ್ಟ್ ಲೆನ್ಸ್ ಮೈಸೂರಿನಂಥ ನಗರದಲ್ಲಿ ಈಗ ಅಪರೂಪದ ವಸ್ತುವೇನಲ್ಲ. ದೇವರಾಜ ಅರಸು ರಸ್ತೆಯ ಕನ್ನಡಕದ ಅಂಗಡಿಗಳಲ್ಲಿ ಕೇಳಿದರೆ ಹೆಬ್ಬೆರಳಿನಷ್ಟು ಅಗಲದ ಪ್ಲಾಸ್ಟಿಕ್ ಬಟ್ಟಲೊಂದನ್ನು ಕೊಡುತ್ತಾರೆ. ಬಟ್ಟಲಿನ ಬಾಯಿಗೆ ಅಲ್ಯುಮಿನಿಯಮ್ ಹಾಳೆಯ ಮುಚ್ಚಳ. ಒಳಗೆ ಸ್ವಲ್ಪ ಉಪ್ಪುನೀರು, ಅದರಲ್ಲಿ ಮುಳುಗಿರುವ ಮಸೂರ. ಮುಚ್ಚಳದ ಮೇಲೆ ಮಸೂರದ ಶಕ್ತಿ, ವಕ್ರತೆ, ವ್ಯಾಸ, ತಯಾರಿಕೆಯ ಸರಣಿ ಸಂಖ್ಯೆ ಇರುತ್ತವೆ. ಜೊತೆಗೆ ಮರಳು ಗಡಿಯಾರದ ಪುಟ್ಟ ಚಿತ್ರವೊಂದು, ಅದರ ಪಕ್ಕದಲ್ಲಿ ಒಂದು ವರ್ಷ, ಒಂದು ತಿಂಗಳು. ಇದೇ ಅವಧಿ ಮುಗಿಯುವ ದಿನಾಂಕ.

ಈ ದಿನಾಂಕ ಕಳೆದು ಮೂರು ತಿಂಗಳಾಗಿದೆ, ಪೊಟ್ಟಣ ಒಡೆದಿಲ್ಲ, ಮಸೂರ ಸ್ಫಟಿಕದಂತೆ ತಿಳಿಯಾಗಿದೆ. ಧರಿಸಬಹುದೆ? 'ಪ್ಲಾಸ್ಟಿಕ್ ನೂರಾರು ವರ್ಷ ಕೊಳೆಯುವುದಿಲ್ಲವೆಂದು ಪರಿಸರ ಪಾಠದಲ್ಲಿ ಹೇಳುತ್ತೀರಿ, ಈ ಪ್ಲಾಸ್ಟಿಕ್ಕಿಗೆ ಮಾತ್ರ ವಾಯಿದೆ ಏಕೆ?' ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 'ಬರೆದಿದ್ದಾರೆ, ಅದಕ್ಕೇ ಹಾಕಬಾರದು' ಎನ್ನುವುದು ಉತ್ತರವಾಗದು. ಆ ದಿನಾಂಕ ಹೇಗೆ ಬಂತು, ಅದು ಯಾವುದರ ಬಗ್ಗೆ ಮಾತನಾಡುತ್ತದೆ, ಯಾವುದರ ಬಗ್ಗೆ ಮಾತನಾಡುವುದಿಲ್ಲ ಎಂಬುದನ್ನು ತಿಳಿಯಲು ಮಸೂರದ ಇತಿಹಾಸವನ್ನು ನೋಡಬೇಕು. ಆ ಇತಿಹಾಸದ ವಿಜ್ಞಾನಕ್ಕೆ ಮೈಸೂರಿನ ನಂಟೂ ಇದೆ. ಆದರೆ ಅದು ಕಣ್ಣಿನ ಆಸ್ಪತ್ರೆಯ ಮೂಲಕ ಬಂದ ನಂಟಲ್ಲ, ಅನ್ನದ ಮೂಲಕ ಬಂದದ್ದು.

ಮೊದಲ ಸ್ಪರ್ಶ ಮಸೂರಗಳು ಗಾಜಿನವು. 1887-88ರ ಸುಮಾರಿಗೆ ಜ್ಯೂರಿಕ್‌ನಲ್ಲಿದ್ದ ಜರ್ಮನ್ ನೇತ್ರವೈದ್ಯ ಅಡಾಲ್ಫ್ ಫಿಕ್ ಇವನ್ನು ಮೊದಲು ಮೊಲಗಳಿಗೆ, ಬಳಿಕ ತನಗೆ, ಅನಂತರ ರೋಗಿಗಳಿಗೆ ತೊಡಿಸಿ ನೋಡಿದ. ಕಣ್ಣುಗುಡ್ಡೆಯ ಬಿಳಿಭಾಗದ ಮೇಲೆ ಕೂರುವ ದೊಡ್ಡ ಚಿಪ್ಪುಗಳವು. ಗಾಜಿಗೂ ಕಣ್ಣಿಗೂ ನಡುವಿನ ಸಂದಿಗೆ ದ್ರಾಕ್ಷಿ ಸಕ್ಕರೆಯ ದ್ರಾವಣ ತುಂಬುತ್ತಿದ್ದ. ಒಂದೆರಡು ಗಂಟೆಗೆ ಮೀರಿ ಅವನ್ನು ಸಹಿಸುವುದು ಕಷ್ಟವಾಗುತ್ತಿತ್ತು. 1889ರಲ್ಲಿ ಕೀಲ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದ ಆಗಸ್ಟ್ ಮ್ಯುಲರ್ ತನ್ನದೇ ಸಮೀಪದೃಷ್ಟಿಗೆ ಇಂಥ ಮಸೂರ ಮಾಡಿಕೊಂಡ. ಕೊಕೇನ್ ಹಾಕಿ ಕಣ್ಣನ್ನು ಮರಗಟ್ಟಿಸಿಕೊಂಡರೂ ಅರ್ಧ ಗಂಟೆ ತಾಳುವುದೇ ಅವನಿಗೆ ಹೆಚ್ಚಾಯಿತು. ಈ ಮಸೂರಗಳಿಗೆ ಅವಧಿ ಇತ್ತು. ಅದು ಗಂಟೆಗಳ ಅವಧಿ. ಕಣ್ಣು ಸಹಿಸುವಷ್ಟು ಹೊತ್ತು ಮಾತ್ರ. ಗಾಜಿನ ಮೇಲೆ ವರ್ಷ ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ.

ಕಣ್ಣು ಏಕೆ ಸಹಿಸಲಿಲ್ಲ? ಭಾರ, ಒರಟು ಅಂಚು ಮೊದಲಾದವು ಮೇಲುನೋಟದ ಕಾರಣಗಳು. ಒಳಗಿನ ಕಾರಣ ಆಕ್ಸಿಜನ್. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಅದು ಪಾರದರ್ಶಕವಾಗಿ ಇರುತ್ತಿರಲಿಲ್ಲ. ಅದಕ್ಕೆ ಬೇಕಾದ ಆಕ್ಸಿಜನ್ ಬಹುಪಾಲು ನೇರವಾಗಿ ಗಾಳಿಯಿಂದ ಕಣ್ಣೀರಿನ ಮೂಲಕ ಬರಬೇಕು. ಗಾಜು ಆ ದಾರಿಯನ್ನು ಮುಚ್ಚುತ್ತಿತ್ತು. 1948ರಲ್ಲಿ ಅಮೆರಿಕದ ಕೆವಿನ್ ಟುವೊಹಿ ಕಾರ್ನಿಯದ ಮೇಲಷ್ಟೇ ಕೂರುವ ಪುಟ್ಟ ಮಸೂರವನ್ನು ಪಿಎಮ್‌ಎಮ್‌ಎ ಎಂಬ ಗಡಸು ಪ್ಲಾಸ್ಟಿಕ್‌ನಲ್ಲಿ ರೂಪಿಸಿದ. ಇದರಲ್ಲೂ ಆಕ್ಸಿಜನ್ ಹಾಯುವುದಿಲ್ಲ. ಆದರೆ ಮಸೂರ ಚಿಕ್ಕದು. ರೆಪ್ಪೆ ಬಡಿದಾಗಲೆಲ್ಲ ಸ್ವಲ್ಪ ಸರಿದು ಹೊಸ ಕಣ್ಣೀರು ಒಳಗೆ ಬರುತ್ತದೆ. ಗಡಸು ಮಸೂರವನ್ನು ಒಣಗಿಸಿ ಡಬ್ಬಿಯಲ್ಲಿಟ್ಟರೂ ಕೆಡುತ್ತಿರಲಿಲ್ಲ. ಜನ ಒಂದೇ ಜೊತೆಯನ್ನು ವರ್ಷಗಟ್ಟಲೆ ಬಳಸಿದರು. ವಿದ್ಯಾರ್ಥಿಯ ಪ್ರಶ್ನೆಯಲ್ಲಿರುವ ತರ್ಕ ಈ ಮಸೂರಗಳ ಮಟ್ಟಿಗೆ ಸರಿಯಾಗಿಯೇ ಇದೆ.

ಚಿತ್ರ ಬದಲಾದದ್ದು ಪ್ರಾಗ್ ನಗರದಲ್ಲಿ. ಚೆಕ್ ರಸಾಯನ ವಿಜ್ಞಾನಿ ಒಟ್ಟೊ ವಿಕ್ಟರ್ಲೆ ಮತ್ತು ಅವನ ಸಹೋದ್ಯೋಗಿ ದ್ರಹೊಸ್ಲಾವ್ ಲಿಮ್ 1950ರ ದಶಕದಲ್ಲಿ ನೀರನ್ನು ಹೀರಿ ಮೆತ್ತಗಾಗುವ, ಆದರೆ ನೀರಿನಲ್ಲಿ ಕರಗದ ಪಾಲಿಮರ್ ಒಂದನ್ನು ತಯಾರಿಸಿದರು. ಅದರ ಹೆಸರು ಪಾಲಿಹೇಮ. ಪೂರ್ತಿ ಊದಿದಾಗ ಅದರ ತೂಕದಲ್ಲಿ ಸುಮಾರು ಶೇಕಡ 38 ಭಾಗ ನೀರು. 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇವರ ಪ್ರಬಂಧ ಪ್ರಕಟವಾಯಿತು. ಆದರೆ ಅದರಿಂದ ಅಂಚು ಹರಿಯದಂಥ ಮಸೂರ ಮಾಡುವುದು ಹೇಗೆಂದು ತಿಳಿಯಲಿಲ್ಲ. ರಾಜಕೀಯ ಕಾರಣಗಳಿಂದ ತಾಂತ್ರಿಕ ವಿದ್ಯಾಲಯದ ಕೆಲಸ ಕಳೆದುಕೊಂಡಿದ್ದ ವಿಕ್ಟರ್ಲೆ 1961ರ ಕ್ರಿಸ್‌ಮಸ್ ಸಮಯದಲ್ಲಿ ಮನೆಯಲ್ಲೇ, ಮಕ್ಕಳ ಆಟದ ಲೋಹದ ಜೋಡಣೆ ಪೆಟ್ಟಿಗೆಯ ತುಂಡುಗಳಿಂದ ಯಂತ್ರವೊಂದನ್ನು ಕಟ್ಟಿದ. ಅದನ್ನು ತಿರುಗಿಸಲು ಸೈಕಲ್ಲಿನ ಡೈನಮೊ. ತಿರುಗುವ ಅಚ್ಚಿನಲ್ಲಿ ದ್ರವ ಹಾಕಿದರೆ ಕೇಂದ್ರಾಪಗಾಮಿ ಬಲದಿಂದ ಅದು ಬಟ್ಟಲಿನಾಕಾರ ತಾಳಿ ಅಲ್ಲೇ ಗಟ್ಟಿಯಾಗುತ್ತದೆ. ಅಂಚು ನಯವಾಗಿಯೇ ಬರುತ್ತದೆ. ಮುಂದಿನ ಕೆಲವೇ ತಿಂಗಳುಗಳಲ್ಲಿ ಆತ ಮತ್ತು ಆತನ ಪತ್ನಿ ಸಾವಿರಾರು ಮಸೂರಗಳನ್ನು ತಯಾರಿಸಿದರು. ಪ್ರಯೋಗಾಲಯವಿಲ್ಲ, ಉಪಕರಣವಿಲ್ಲ ಎಂದು ಕೊರಗುವ ಅಧ್ಯಾಪಕರಿಗೆ ಈ ಕಥೆ ಹಿಡಿಸೀತು.

ಮಸೂರದ ಒಳಕ್ಕೆ ನೀರು ಬಂದಾಗಲೇ ತಾರೀಖಿನ ಕಥೆ ಶುರುವಾಗುತ್ತದೆ. ನೀರಿದ್ದರೆ ಆಕ್ಸಿಜನ್ ಸ್ವಲ್ಪ ಹಾಯುತ್ತದೆ, ಮಸೂರ ಹಿತವಾಗಿರುತ್ತದೆ. ಆದರೆ ಅದನ್ನು ಒಣಗಿಸಿ ಇಡುವಂತಿಲ್ಲ; ಒಣಗಿದರೆ ಅದು ಸುಲಭವಾಗಿ ಮುರಿಯುವ ಬಿಲ್ಲೆ. ಸದಾ ದ್ರವದಲ್ಲೇ ಇರಬೇಕು. ದ್ರವ ಇದ್ದಲ್ಲಿ ಸೂಕ್ಷ್ಮಜೀವಿಗಳು ಬೆಳೆಯಬಲ್ಲವು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1968ರಲ್ಲಿ ಮೃದು ಮಸೂರವನ್ನು ಔಷಧದ ಸಾಲಿಗೆ ಸೇರಿಸಿತು. ಬಾಷ್ ಅಂಡ್ ಲಾಂಬ್ ಸಂಸ್ಥೆಯ ಮೃದು ಮಸೂರಕ್ಕೆ ಅನುಮತಿ ದೊರೆತದ್ದು 1971ರ ಮಾರ್ಚ್‌ನಲ್ಲಿ. ಉಪ್ಪುನೀರು ತುಂಬಿದ ಗಾಜಿನ ಸೀಸೆ, ಅದಕ್ಕೆ ರಬ್ಬರ್ ಬಿರಡೆ, ಅದರ ಮೇಲೆ ಲೋಹದ ಪಟ್ಟಿ, ಹೀಗೆ ಚುಚ್ಚುಮದ್ದಿನ ಸೀಸೆಯಂತೆಯೇ ಮೃದು ಮಸೂರ ಮಾರುಕಟ್ಟೆಗೆ ಬಂತು. ಚುಚ್ಚುಮದ್ದಿಗೆ ಅನ್ವಯಿಸುವ ಪ್ರಶ್ನೆಯೇ ಅದಕ್ಕೂ ಅನ್ವಯಿಸಿತು: ಈ ಸೀಸೆ ಎಷ್ಟು ಕಾಲ ಕ್ರಿಮಿಶುದ್ಧವಾಗಿ ಉಳಿಯುತ್ತದೆ?

ಇದೇ ಪ್ರಶ್ನೆಯನ್ನು ಅನ್ನ, ಪಲ್ಯ, ಹಲ್ವಗಳ ಬಗ್ಗೆ ಕೇಳುತ್ತಿದ್ದ ಊರು ಮೈಸೂರು. 1950ರ ಅಕ್ಟೋಬರ್‌ನಲ್ಲಿ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ನಮಗೆಲ್ಲ ಪರಿಚಿತವಾದ ಸಿಎಫ್‌ಟಿಆರ್‌ಐ, ಆರಂಭವಾಯಿತು. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. 1961ರಲ್ಲಿ ಸೈನಿಕರ ಆಹಾರಕ್ಕಾಗಿಯೇ ರಕ್ಷಣಾ ಆಹಾರ ಸಂಶೋಧನಾಲಯ (ಡಿಎಫ್‌ಆರ್‌ಎಲ್) ಇದೇ ಊರಿನಲ್ಲಿ ಸ್ಥಾಪನೆಗೊಂಡಿತು. ಹಿಮಾಲಯದ ಠಾಣೆಯಲ್ಲಿರುವ ಸೈನಿಕನಿಗೆ ತಿಂಗಳುಗಳ ಹಿಂದೆ ಬೇಯಿಸಿದ ಪಲಾವು ಕೆಡದೆ ತಲುಪಬೇಕು. 1984ರಲ್ಲಿ ರಾಕೇಶ್ ಶರ್ಮ ಬಾಹ್ಯಾಕಾಶಕ್ಕೆ ಹೋದಾಗ ಜೊತೆಗೆ ಹೋದ ಭಾರತೀಯ ತಿನಿಸುಗಳು ಈ ಸಂಸ್ಥೆಯವು. ಆ ಕೆಲಸದಲ್ಲಿ ಪ್ರಮುಖವಾದ ಒಂದು ತಂತ್ರ ರಿಟಾರ್ಟ್ ಪೊಟ್ಟಣ: ಪ್ಲಾಸ್ಟಿಕ್ ಮತ್ತು ಅಲ್ಯುಮಿನಿಯಮ್ ಪದರಗಳ ಚೀಲದಲ್ಲಿ ಆಹಾರ ತುಂಬಿ, ಬಾಯನ್ನು ಶಾಖದಿಂದ ಬೆಸೆದು, ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುವುದು.

ಮೃದು ಮಸೂರದ ಬಟ್ಟಲನ್ನು ಹೀಗೊಮ್ಮೆ ನೋಡಿ. ಪ್ಲಾಸ್ಟಿಕ್ ಬಟ್ಟಲು, ಅಲ್ಯುಮಿನಿಯಮ್ ಹಾಳೆಯ ಮುಚ್ಚಳ, ಶಾಖದ ಬೆಸುಗೆ, ಒಳಗೆ ನೀರಿನಂಶವುಳ್ಳ ವಸ್ತು. ಬೆಸೆದ ಮೇಲೆ 121 ಡಿಗ್ರಿಯ ಒತ್ತಡದ ಹಬೆ. ಮಸೂರದ ಪೊಟ್ಟಣ ರಿಟಾರ್ಟ್ ಪೊಟ್ಟಣದ ಹತ್ತಿರದ ಸಂಬಂಧಿ. ಒಂದರಲ್ಲಿ ಪಲಾವು, ಇನ್ನೊಂದರಲ್ಲಿ ಪಾಲಿಮರ್. ಒಳಗಿನ ಲೆಕ್ಕಾಚಾರ ಒಂದೇ ಬಗೆಯದು.

ಆ ಲೆಕ್ಕವನ್ನು ಪ್ರೌಢಶಾಲೆಯಲ್ಲೂ ಮಾಡಿಸಬಹುದು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಬದಲು 97-98 ಡಿಗ್ರಿಯಲ್ಲೇ ಕುದಿಯುತ್ತದೆ. ಸಾಧಾರಣ ಬ್ಯಾಕ್ಟೀರಿಯಗಳು ಈ ಉಷ್ಣತೆಯಲ್ಲಿ ಸಾಯುತ್ತವೆ. ಕೆಲವು ಬ್ಯಾಕ್ಟೀರಿಯಗಳ ಬೀಜಕಣಗಳು ಸಾಯುವುದಿಲ್ಲ. ಅಡುಗೆಮನೆಯ ಪ್ರೆಷರ್ ಕುಕ್ಕರ್ ಒಳಗೆ ಉಷ್ಣತೆ 120 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಅಲ್ಲಿ ಬೀಜಕಣಗಳೂ ತಾಳಲಾರವು. ಸಾವು ಮಾತ್ರ ಒಮ್ಮೆಗೇ ಬರುವುದಿಲ್ಲ. ಇಂತಿಷ್ಟು ನಿಮಿಷಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಎಂಬ ಕ್ರಮದಲ್ಲಿ ಬರುತ್ತದೆ. ಶಾಖಕ್ಕೆ ಅತ್ಯಂತ ಜಗ್ಗದ ಬೀಜಕಣಗಳಿಗೆ 121 ಡಿಗ್ರಿಯಲ್ಲಿ ಈ ಅವಧಿ ಒಂದೂವರೆ ನಿಮಿಷವೆಂದು ಇಟ್ಟುಕೊಳ್ಳೋಣ. ಪೊಟ್ಟಣದಲ್ಲಿ 100 ಬೀಜಕಣಗಳಿದ್ದರೆ ಒಂದೂವರೆ ನಿಮಿಷಕ್ಕೆ 10, ಮೂರು ನಿಮಿಷಕ್ಕೆ 1. ಆಮೇಲೆ? ನಾಲ್ಕೂವರೆ ನಿಮಿಷಕ್ಕೆ ಹತ್ತನೆಯ ಒಂದು, ಅಂದರೆ ಹತ್ತು ಪೊಟ್ಟಣಗಳಲ್ಲಿ ಒಂದರಲ್ಲಿ ಒಂದು ಬೀಜಕಣ ಬದುಕಿರುವ ಸಂಭವ. ಹೀಗೆ 12 ನಿಮಿಷ ಕಾಯಿಸಿದರೆ ಹತ್ತು ಲಕ್ಷ ಪೊಟ್ಟಣಗಳಲ್ಲಿ ಒಂದು. 'ಕ್ರಿಮಿಶುದ್ಧ' ಎಂದು ಪೊಟ್ಟಣದ ಮೇಲೆ ಬರೆಯಲು ಜಗತ್ತಿನಾದ್ಯಂತ ಒಪ್ಪಿರುವ ಮಟ್ಟ ಇದೇ. ಸೊನ್ನೆ ಎಂಬುದು ಈ ಲೆಕ್ಕದಲ್ಲಿ ಎಂದೂ ಬರುವುದಿಲ್ಲ ಎಂಬುದನ್ನು ವಿದ್ಯಾರ್ಥಿಗಳ ಗಮನಕ್ಕೆ ತರಬೇಕು.

ಕಾಯಿಸಿ ಹೊರಬಂದ ಪೊಟ್ಟಣ ಹಾಗೆಯೇ ಉಳಿದರೆ ಅದರಲ್ಲಿ ಹೊಸ ಕ್ರಿಮಿ ಹುಟ್ಟುವುದಿಲ್ಲ. ಲೂಯಿ ಪಾಸ್ಚರ್ ಹಂಸದ ಕತ್ತಿನ ಸೀಸೆಯಿಂದ ತೋರಿಸಿದ್ದು ಇದನ್ನೇ. ಹಾಗಿದ್ದರೆ ವಾಯಿದೆ ಏತಕ್ಕೆ? ಪೊಟ್ಟಣ 'ಹಾಗೆಯೇ' ಉಳಿಯುವುದಿಲ್ಲ. ಬಟ್ಟಲನ್ನು ಬಹುಮಟ್ಟಿಗೆ ಪಾಲಿಪ್ರೊಪಿಲೀನ್‌ನಿಂದ ಮಾಡುತ್ತಾರೆ. ಇದರ ಮೂಲಕ ನೀರಿನ ಆವಿ ಬಹಳ ನಿಧಾನವಾಗಿ ಹೊರಹೋಗುತ್ತದೆ, ಉಪ್ಪು ಹೋಗುವುದಿಲ್ಲ. ವರ್ಷಗಳು ಕಳೆದಂತೆ ಒಳಗಿನ ದ್ರಾವಣ ಕಣ್ಣೀರಿಗಿಂತ ಉಪ್ಪಾಗುತ್ತದೆ. ಅಂಥ ದ್ರಾವಣದಲ್ಲಿದ್ದ ಮಸೂರ ಕಣ್ಣಿಗೆ ಬಿದ್ದರೆ ಉರಿ. ದ್ರಾವಣದ ಆಮ್ಲೀಯತೆಯನ್ನು ಸ್ಥಿರವಾಗಿಡಲು ಬೋರೇಟ್ ಅಥವಾ ಫಾಸ್ಫೇಟ್ ಲವಣಗಳಿರುತ್ತವೆ. ಆದರೂ ಪಿಎಚ್ ಮೌಲ್ಯ ಸ್ವಲ್ಪ ಜರುಗಬಹುದು. ಮೆಥಾಕ್ರಿಲಿಕ್ ಆಮ್ಲ ಸೇರಿಸಿದ, ಹೆಚ್ಚು ನೀರಿನಂಶದ ಮಸೂರಗಳು ಪಿಎಚ್‌ಗೂ ಉಪ್ಪಿಗೂ ಬಹಳ ಸೂಕ್ಷ್ಮ: ಊದುತ್ತವೆ ಅಥವಾ ಕುಗ್ಗುತ್ತವೆ. ಆಗ ವ್ಯಾಸ, ವಕ್ರತೆ, ಶಕ್ತಿ ಮೂರೂ ಮುಚ್ಚಳದ ಮೇಲೆ ಬರೆದ ಅಂಕಿಗಳಿಂದ ದೂರ ಸರಿಯುತ್ತವೆ. ಪಾಲಿಮರ್ ಸರಪಣಿಗಳ ಕೆಲವು ಕೊಂಡಿಗಳನ್ನು ನೀರೇ ಮೆಲ್ಲಗೆ ಕಡಿಯುವುದೂ ಉಂಟು. ಎಲ್ಲಕ್ಕಿಂತ ಮುಖ್ಯ ಬೆಸುಗೆ. ಅದು ಅಂಟಿನಂತೆ ಕಾಲಕ್ರಮದಲ್ಲಿ ಸಡಿಲಗೊಳ್ಳಬಹುದು. ಕೂದಲೆಳೆಗಿಂತ ಎಷ್ಟೋ ಸಣ್ಣ ಸಂದಿ ಬ್ಯಾಕ್ಟೀರಿಯಕ್ಕೆ ಹೆದ್ದಾರಿ. ಅದು ಬರಿಗಣ್ಣಿಗೆ ಕಾಣುವುದಿಲ್ಲ, ನೀರು ಸೋರಿಯೂ ತೋರಿಸಿಕೊಡುವುದಿಲ್ಲ. ಮಸೂರ ತಿಳಿಯಾಗಿದೆ ಎಂಬ ಸಮಾಧಾನಕ್ಕೆ ಆದ್ದರಿಂದ ಬೆಲೆ ಕಡಿಮೆ: ಮಿಲಿಲೀಟರಿಗೆ ಸಾವಿರಾರು ಬ್ಯಾಕ್ಟೀರಿಯಗಳಿದ್ದರೂ ನೀರು ತಿಳಿಯಾಗಿಯೇ ಕಾಣುತ್ತದೆ.

ತಯಾರಕರು ಐದು ವರ್ಷದ ವಾಯಿದೆ ಬರೆಯಬೇಕೆಂದರೆ ಐದು ವರ್ಷ ಕಾದು ನೋಡಬೇಕೆ? ಕಾಯಲೇಬೇಕು, ಆದರೆ ಅಷ್ಟರೊಳಗೆ ಒಂದು ಅಂದಾಜು ಸಿಗುತ್ತದೆ. ಸ್ವೀಡನ್ನಿನ ಅರೇನಿಯಸ್ 1889ರಲ್ಲಿ ಉಷ್ಣತೆಗೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ಇರುವ ಸಂಬಂಧವನ್ನು ವಿವರಿಸಿದ. ಅದರ ಸ್ಥೂಲ ರೂಪ: ಉಷ್ಣತೆ 10 ಡಿಗ್ರಿ ಏರಿದರೆ ವೇಗ ಸುಮಾರು ಇಮ್ಮಡಿ. 25 ಡಿಗ್ರಿಯಲ್ಲಿ ಇಡಬೇಕಾದ ಪೊಟ್ಟಣವನ್ನು 45 ಡಿಗ್ರಿಯಲ್ಲಿಟ್ಟರೆ ವೇಗ ನಾಲ್ಕು ಪಟ್ಟು. ಐದು ವರ್ಷದ ಮುಪ್ಪು 15 ತಿಂಗಳಲ್ಲಿ ಬಂದಂತೆ. ಜೊತೆಗೆ ಸಾಮಾನ್ಯ ಉಷ್ಣತೆಯಲ್ಲಿಟ್ಟ ಪೊಟ್ಟಣಗಳನ್ನು ಆಗಾಗ ತೆರೆದು, ಕ್ರಿಮಿಶುದ್ಧತೆ, ಪಿಎಚ್, ಅಳತೆ, ಬೆಸುಗೆಯ ಬಲ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಆಹಾರ ಪೊಟ್ಟಣಗಳ ಬಾಳಿಕೆಯನ್ನು ಅಂದಾಜು ಮಾಡುವ ದಾರಿಯೂ ಇಂಥದ್ದೇ. ಮುಚ್ಚಳದ ಮೇಲಿನ ದಿನಾಂಕ ಈ ಪರೀಕ್ಷೆಗಳ ಗಡಿ. ಆ ದಿನದವರೆಗೆ ಪುರಾವೆ ಇದೆ, ಅದರಾಚೆ ಇಲ್ಲ. ಮಧ್ಯರಾತ್ರಿ ಹನ್ನೆರಡು ಹೊಡೆದೊಡನೆ ಮಸೂರ ವಿಷವಾಗುತ್ತದೆ ಎಂದು ಅದರ ಅರ್ಥವಲ್ಲ. ಭಾರತದ 2017ರ ವೈದ್ಯಕೀಯ ಸಾಧನಗಳ ನಿಯಮಗಳೂ ಇದೇ ನೆಲೆಯಲ್ಲಿ ನಿಂತಿವೆ: ಸಾಧನದ ಬಾಳಿಕೆ ಅವಧಿ ಸಾಮಾನ್ಯವಾಗಿ 60 ತಿಂಗಳಿಗೆ ಮೀರಬಾರದು, ಹೆಚ್ಚು ಬೇಕೆಂದರೆ ತಯಾರಕನೇ ಪುರಾವೆ ಒದಗಿಸಬೇಕು.

ಪುರಾವೆ ಇಲ್ಲದ ಮಾತ್ರಕ್ಕೆ ಅಪಾಯ ಇದೆಯೆನ್ನಲು ಬಾರದು ಎಂದು ಜಾಣರು ವಾದಿಸಬಹುದು. ತರ್ಕ ಸರಿ. ಆದರೆ ಪಣ ಯಾವುದು ಎಂಬುದನ್ನೂ ನೋಡಬೇಕು. ಕೆಟ್ಟ ಪಲಾವು ವಾಸನೆಯಿಂದಲೋ ರುಚಿಯಿಂದಲೋ ಎಚ್ಚರಿಸುತ್ತದೆ, ಹೊಟ್ಟೆಯಲ್ಲಿ ಅದನ್ನೆದುರಿಸಲು ಆಮ್ಲ ಇದೆ. ಕಾರ್ನಿಯದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯ ಅದರೊಳಗೆ ನೆಲೆಯೂರಿದರೆ ಒಂದೆರಡು ದಿನಗಳಲ್ಲೇ ಅದನ್ನು ಕರಗಿಸಬಲ್ಲದು. ಹುಣ್ಣು ವಾಸಿಯಾದರೂ ಕಲೆ ಉಳಿಯುತ್ತದೆ, ಕಲೆ ಪಾಪೆಯ ಎದುರಿಗಿದ್ದರೆ ದೃಷ್ಟಿ ಹೋಯಿತು. ಒಂದು ಜೊತೆ ಮಸೂರದ ಬೆಲೆಗೂ ಇದಕ್ಕೂ ಹೋಲಿಕೆ ಇಲ್ಲ.

ದಿನಾಂಕ ನೋಡಿ ಕೊಂಡರೆ ಎಲ್ಲ ಮುಗಿಯಿತು ಎಂದುಕೊಳ್ಳುವುದು ಮಾತ್ರ ದೊಡ್ಡ ತಪ್ಪು. ಮುಚ್ಚಳದ ತಾರೀಖು ಮುಚ್ಚಳ ಕಿತ್ತ ಕ್ಷಣಕ್ಕೆ ಅರ್ಥ ಕಳೆದುಕೊಳ್ಳುತ್ತದೆ. ಅಲ್ಲಿಂದ ಎರಡನೆಯ ಗಡಿಯಾರ ನಡೆಯತೊಡಗುತ್ತದೆ. ಕಣ್ಣೀರಿನಲ್ಲಿರುವ ಲೈಸೊಜೈಮ್ ಮೊದಲಾದ ಪ್ರೋಟೀನುಗಳು, ಕೊಬ್ಬಿನಂಶಗಳು ಮಸೂರಕ್ಕೆ ಅಂಟುತ್ತವೆ. ಅಂಟಿದ ಪದರದ ಮೇಲೆ ಬ್ಯಾಕ್ಟೀರಿಯಗಳಿಗೆ ಕಾಲೂರುವುದು ಸುಲಭ. 1970ರ ದಶಕದಲ್ಲಿ ಒಂದು ಜೊತೆ ಮೃದು ಮಸೂರವನ್ನು ವರ್ಷವಿಡೀ ಬಳಸುತ್ತಿದ್ದರು. 1982ರ ಸುಮಾರಿಗೆ ಡೆನ್ಮಾರ್ಕಿನ ನೇತ್ರವೈದ್ಯ ಮೈಕೆಲ್ ಬೇ, ಅಗ್ಗವಾಗಿ ಅಚ್ಚು ಹಾಕಿ ಕೆಲವು ದಿನ ಧರಿಸಿ ಎಸೆಯುವ ಮಸೂರವನ್ನು ತಂದ. 1987ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಅದೇ ಕಲ್ಪನೆಯನ್ನು ಅಮೆರಿಕದ ಮಾರುಕಟ್ಟೆಗೆ ಇಳಿಸಿತು. ಗಾಜಿನ ಸೀಸೆ ಹೋಗಿ ಹಾಳೆ ಮುಚ್ಚಿದ ಪ್ಲಾಸ್ಟಿಕ್ ಬಟ್ಟಲು ರೂಢಿಗೆ ಬಂದದ್ದು ಈ ಎಸೆಯುವ ಮಸೂರಗಳ ಕಾಲದಲ್ಲೇ. 'ತಿಂಗಳ ಮಸೂರ' ಎಂದರೆ ತೆರೆದ ದಿನದಿಂದ ಲೆಕ್ಕ. ಮೂವತ್ತು ಬಾರಿ ಧರಿಸಬಹುದೆಂಬ ಅರ್ಥವಿಲ್ಲ. ಮದುವೆಗೊಮ್ಮೆ, ದಸರೆಗೊಮ್ಮೆ ಧರಿಸಿ ಉಳಿದ ದಿನ ಡಬ್ಬಿಯಲ್ಲಿಟ್ಟು, 'ಇನ್ನೂ ನಾಲ್ಕೇ ಸಲ ಹಾಕಿದ್ದು, 2028ರವರೆಗೆ ತಾರೀಖಿದೆ' ಎನ್ನುವವರು ಎರಡು ಗಡಿಯಾರಗಳನ್ನು ಒಂದೇ ಎಂದು ಓದುತ್ತಿದ್ದಾರೆ.

ಬೇಗ ಬೇಗ ಎಸೆಯಿರಿ ಎಂದರೆ ತಯಾರಕರಿಗೆ ಲಾಭ. ಅದರ ಬಗ್ಗೆ ಸಂಶಯ ಬರುವುದು ಸಹಜ. ಈ ಸಂಶಯಕ್ಕೆ ಸ್ವಲ್ಪ ಆಧಾರವೂ ಇದೆ. 1989ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನದ ಪ್ರಕಾರ, ಹಗಲು ಮಾತ್ರ ಮೃದು ಮಸೂರ ಧರಿಸುವ 10,000 ಜನರಲ್ಲಿ ವರ್ಷಕ್ಕೆ ಸುಮಾರು 4 ಜನರಿಗೆ ಕಾರ್ನಿಯದ ಹುಣ್ಣು ಬರುತ್ತಿತ್ತು. ರಾತ್ರಿಯೂ ಧರಿಸಿ ಮಲಗುವ ಬಗೆಯ ಮಸೂರಗಳವರಲ್ಲಿ ಸುಮಾರು 21 ಜನರಿಗೆ. ಎರಡು ದಶಕಗಳಲ್ಲಿ ಎಸೆಯುವ ಮಸೂರಗಳು ಬಂದವು, 1999ರ ವೇಳೆಗೆ ಆಕ್ಸಿಜನ್ನನ್ನು ಧಾರಾಳವಾಗಿ ಬಿಡುವ ಸಿಲಿಕೋನ್ ಹೈಡ್ರೊಜೆಲ್ ಬಂತು. ಇನ್ನು ಹುಣ್ಣು ಕಡಿಮೆಯಾಗುತ್ತದೆಂದು ಎಲ್ಲರೂ ನಂಬಿದ್ದರು. 2008ರಲ್ಲಿ ಆಸ್ಟ್ರೇಲಿಯದ ಅಧ್ಯಯನ ಪ್ರಕಟವಾದಾಗ ಹಗಲು ಧರಿಸುವ ಮೃದು ಮಸೂರದಲ್ಲಿ 10,000ಕ್ಕೆ 1.9, ದಿನಕ್ಕೊಂದು ಎಸೆಯುವುದರಲ್ಲಿ 2.0, ಧರಿಸಿ ಮಲಗುವವರಲ್ಲಿ ಮಾಮೂಲು ಮೃದು ಮಸೂರಕ್ಕೆ 19.5, ಸಿಲಿಕೋನ್ ಹೈಡ್ರೊಜೆಲ್‌ಗೆ 25.4. ದಿನಕ್ಕೊಂದು ಎಸೆದರೂ ಹುಣ್ಣಿನ ಸಂಖ್ಯೆ ಇಳಿಯಲಿಲ್ಲ. ದೃಷ್ಟಿ ಕಳೆಯುವಷ್ಟು ತೀವ್ರವಾಗುವುದು ಅವುಗಳಲ್ಲಿ ಕಡಿಮೆ ಎಂಬುದು ಮಾತ್ರ ಕಂಡುಬಂತು. ನಿದ್ದೆಯ ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣೀರು ಹರಿಯುವುದಿಲ್ಲ, ತೊಳೆಯುವ ಕೆಲಸ ನಿಲ್ಲುತ್ತದೆ. ವಾಯಿದೆಯೊಳಗಿನ ಹೊಚ್ಚಹೊಸ ಮಸೂರ ಹಾಕಿಕೊಂಡು ಮಲಗುವವರು, ವಾಯಿದೆ ನೋಡುವುದರಿಂದ ಪಡೆದ ರಕ್ಷಣೆಗಿಂತ ಹೆಚ್ಚಿನದನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಳ್ಳುತ್ತಾರೆ ಎಂದು ಈ ಲೇಖಕನ ಅಭಿಪ್ರಾಯ.

ಮೂರನೆಯ ಗಡಿಯಾರ ದ್ರಾವಣದ್ದು. ಆರಂಭದಲ್ಲಿ ಮೃದು ಮಸೂರವನ್ನು ಪ್ರತಿ ರಾತ್ರಿ ಉಪ್ಪುನೀರಿನಲ್ಲಿ ಕಾಯಿಸಿ ಶುದ್ಧಗೊಳಿಸುತ್ತಿದ್ದರು. ಉಪ್ಪಿನ ಮಾತ್ರೆಗಳನ್ನು ಕೊಂಡು ಬಟ್ಟಿ ಇಳಿಸಿದ ನೀರಿನಲ್ಲಿ ಮನೆಯಲ್ಲೇ ಕರಗಿಸಿಕೊಳ್ಳುವುದು ಅಗ್ಗದ ದಾರಿ. 1980ರ ದಶಕದ ನಡುವೆ ಅಮೆರಿಕದಲ್ಲಿ ಅಕಾಂತಮೀಬ ಎಂಬ ಅಮೀಬದಿಂದ ಬರುವ ಕಾರ್ನಿಯದ ಸೋಂಕು ಹೆಚ್ಚಾಗಿ ಕಾಣಿಸಿಕೊಂಡಿತು. ಹುಡುಕಿದಾಗ ಹಲವರು ಹೀಗೆ ಮನೆಯಲ್ಲಿ ಮಾಡಿದ ಉಪ್ಪುನೀರು ಬಳಸಿದವರು. ಈ ಅಮೀಬ ಮಣ್ಣಿನಲ್ಲಿ, ಕೊಳದಲ್ಲಿ, ನಲ್ಲಿ ನೀರಿನಲ್ಲಿ ಎಲ್ಲೆಡೆ ಇರಬಲ್ಲದು. ಕಷ್ಟಕಾಲದಲ್ಲಿ ಗಟ್ಟಿ ಕೋಶ ಕಟ್ಟಿಕೊಂಡು ಕೂರುತ್ತದೆ. ಕುಡಿಯುವ ನೀರಿಗೆ ಬೆರೆಸುವಷ್ಟು ಕ್ಲೋರೀನು ಅದನ್ನು ಕೊಲ್ಲುವುದಿಲ್ಲ. ಭಾರತದಲ್ಲಿ ಈ ಸೋಂಕು ಬಂದವರಲ್ಲಿ ಬಹುಪಾಲು ಜನ ಮಸೂರ ಧರಿಸಿದವರೇ ಅಲ್ಲ; ಕಣ್ಣಿಗೆ ಪೆಟ್ಟು ಬಿದ್ದು ಕೊಳೆನೀರು ತಾಗಿದವರು. ಹೊಂಗಳ್ಳಿ, ಬೆಳಗೊಳಗಳಿಂದ ಮೈಸೂರಿಗೆ ಬರುವ ಕಾವೇರಿ ನೀರು ಕುಡಿಯಲು ಯೋಗ್ಯವಾಗಿರಬಹುದು. ಮಸೂರ ತೊಳೆಯಲು ಅದೂ ಬೇಡ, ಕಾಸಿ ಆರಿಸಿದ್ದೂ ಬೇಡ.

2005-06ರಲ್ಲಿ ಸಿಂಗಪುರ, ಹಾಂಕಾಂಗ್, ಅಮೆರಿಕಗಳಲ್ಲಿ ಮಸೂರ ಧರಿಸುವವರ ಕಣ್ಣಿಗೆ ಫ್ಯುಸೇರಿಯಮ್ ಎಂಬ ಶಿಲೀಂಧ್ರ ತಗುಲಿತು. ನಮ್ಮ ಕಡೆ ಫ್ಯುಸೇರಿಯಮ್ ಎಂದರೆ ಭತ್ತದ ಗರಿ ತಾಗಿ ಹುಣ್ಣಾದ ರೈತನ ಕಣ್ಣು ನೆನಪಾಗುತ್ತದೆ. ದಕ್ಷಿಣ ಭಾರತದಲ್ಲಿ ಕಾರ್ನಿಯದ ಹುಣ್ಣಿಗೆ ಶಿಲೀಂಧ್ರಗಳು ದೊಡ್ಡ ಕಾರಣ. ನಗರವಾಸಿಗಳ ಕಣ್ಣಿಗೆ ಅದು ಬಂದದ್ದು ಹೇಗೆ? ಅಮೆರಿಕದಲ್ಲಿ ಖಚಿತವಾದ 164 ಪ್ರಕರಣಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಶುದ್ಧೀಕರಣ ದ್ರಾವಣದತ್ತ ಬೆರಳು ಮಾಡಿದವು. 2006ರ ಮೇ ತಿಂಗಳಲ್ಲಿ ಬಾಷ್ ಅಂಡ್ ಲಾಂಬ್ ಆ ದ್ರಾವಣವನ್ನು ಜಗತ್ತಿನ ಮಾರುಕಟ್ಟೆಯಿಂದಲೇ ಹಿಂತೆಗೆದುಕೊಂಡಿತು. ಬಳಿಕ ನಡೆದ ಪ್ರಯೋಗಗಳಲ್ಲಿ, ಸೀಸೆಯನ್ನು 60 ಡಿಗ್ರಿಯಲ್ಲಿ ನಾಲ್ಕು ವಾರ ಇಟ್ಟರೆ ಆ ದ್ರಾವಣ ಶಿಲೀಂಧ್ರವನ್ನು ತಡೆಯುವ ಗುಣ ಕಳೆದುಕೊಳ್ಳುತ್ತದೆಂದು ತಿಳಿಯಿತು. ತಾರೀಖು ಒಳಗಿತ್ತು, ಶಕ್ತಿ ಇರಲಿಲ್ಲ. ಮೈಸೂರಿನ ಹವೆ ಹಿತವಾದದ್ದು ಎನ್ನುತ್ತೇವೆ. ಆದರೆ ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆ ಮೈಸೂರಿನ ಹವೆಯದಲ್ಲ. ಅರೇನಿಯಸ್‌ನ ನಿಯಮ ಅಲ್ಲಿ ತಾರೀಖನ್ನು ಹತ್ತಿರಕ್ಕೆ ಎಳೆಯುತ್ತದೆ. ದ್ರಾವಣದ ಸೀಸೆಗೆ ಮುದ್ರಿತ ದಿನಾಂಕದ ಜೊತೆ 'ತೆರೆದ ಮೇಲೆ ಇಷ್ಟು ದಿನ' ಎಂಬ ಇನ್ನೊಂದು ಮಿತಿ ಇರುತ್ತದೆ. ಹಲವು ದ್ರಾವಣಗಳಿಗೆ ಅದು 90 ದಿನ. ತೆರೆದ ದಿನವನ್ನು ಸೀಸೆಯ ಮೇಲೆ ಪೆನ್ನಿನಿಂದ ಬರೆದಿಡುವ ಅಭ್ಯಾಸ ಬಹಳ ಕಡಿಮೆ ಜನರಿಗಿದೆ.

ತಾರೀಖು ಏನನ್ನು ಹೇಳಲಾರದು ಎಂಬುದಕ್ಕೆ ಕರ್ನಾಟಕದಲ್ಲೇ ನಡೆದ ನೋವಿನ ನಿದರ್ಶನ ಒಂದಿದೆ. ಅದು ಸ್ಪರ್ಶ ಮಸೂರದ್ದಲ್ಲ, ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯದು. 2019ರ ಜುಲೈ 9ರಂದು ಬೆಂಗಳೂರಿನ ಮಿಂಟೊ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಗೆ ಒಳಗಾದ 24 ಜನರ ಕಣ್ಣಿಗೆ ಸ್ಯೂಡೊಮೊನಾಸ್ ಸೋಂಕು ತಗುಲಿತು. ಹಲವರಿಗೆ ಆ ಕಣ್ಣಿನ ದೃಷ್ಟಿ ಮರಳಲಿಲ್ಲ. ಶಸ್ತ್ರಕ್ರಿಯೆಯ ವೇಳೆ ಕಣ್ಣೊಳಗೆ ತುಂಬುವ ಪಾರದರ್ಶಕ ಜೆಲ್ ಕಲುಷಿತವಾಗಿತ್ತೆಂದು ಪ್ರಯೋಗಾಲಯದ ಪರೀಕ್ಷೆಯಿಂದ ತಿಳಿದುಬಂತು. ಆ ಜೆಲ್ ಅನ್ನು ಬಳಸಿದ ವೈದ್ಯರಿಗೆ ಅದರ ಪಾರದರ್ಶಕತೆ ಏನನ್ನೂ ಹೇಳಿರಲಾರದು. ಮುದ್ರಿತ ದಿನಾಂಕ ಒಂದು ಷರತ್ತಿನ ಮಾತು: ತಯಾರಿಕೆಯ ದಿನ ಪೊಟ್ಟಣ ಶುದ್ಧವಾಗಿದ್ದರೆ, ಬೆಸುಗೆ ಸರಿಯಾಗಿದ್ದರೆ, ಹೇಳಿದ ಉಷ್ಣತೆಯಲ್ಲಿಟ್ಟಿದ್ದರೆ, ಈ ದಿನದವರೆಗೆ ಸರಿ. ಷರತ್ತುಗಳನ್ನು ಪರೀಕ್ಷಿಸುವುದು ತಯಾರಕರ ಮತ್ತು ಔಷಧ ನಿಯಂತ್ರಣ ಇಲಾಖೆಗಳ ಕೆಲಸ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ಎಲ್ಲ ವೈದ್ಯಕೀಯ ಸಾಧನಗಳೂ ಔಷಧ ಕಾನೂನಿನ ವ್ಯಾಪ್ತಿಗೆ ಬಂದಿವೆ. ಆದ್ದರಿಂದ ಯಾವ ರಸೀದಿಯೂ ಸರಣಿ ಸಂಖ್ಯೆಯೂ ಇಲ್ಲದೆ, ಮದುವೆ ಅಲಂಕಾರದವರ ಪೆಟ್ಟಿಗೆಯಿಂದ ಬರುವ ಬಣ್ಣದ ಮಸೂರಗಳ ಬಗ್ಗೆ ವಿದ್ಯಾರ್ಥಿನಿಯರಿಗೆ ಎಚ್ಚರ ಹೇಳುವುದು ಅಗತ್ಯ. ಒಬ್ಬರ ಕಣ್ಣಿನಿಂದ ಇನ್ನೊಬ್ಬರ ಕಣ್ಣಿಗೆ ಹೋದ ಮಸೂರಕ್ಕೆ ಯಾವ ತಾರೀಖೂ ಅನ್ವಯಿಸುವುದಿಲ್ಲ. ಮಸೂರ ಧರಿಸಿದವರ ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ನೋಡಲಾಗದಿದ್ದರೆ ಮಸೂರವನ್ನು ತೆಗೆದು ಅದೇ ದಿನ ನೇತ್ರವೈದ್ಯರ ಬಳಿ ಹೋಗಬೇಕು. ತೆಗೆದ ಮಸೂರವನ್ನೂ ಡಬ್ಬಿಯನ್ನೂ ಎಸೆಯದೆ ಒಯ್ದರೆ ಯಾವ ಸೂಕ್ಷ್ಮಜೀವಿ ಎಂದು ಪತ್ತೆಹಚ್ಚಲು ನೆರವಾಗುತ್ತದೆ.

ವಾಯಿದೆ ಮೀರಿದ, ತೆರೆಯದ ಪೊಟ್ಟಣ ಮನೆಯಲ್ಲಿದ್ದರೆ ಅದು ಶಾಲೆಯ ಪ್ರಯೋಗಾಲಯಕ್ಕೆ ಒಳ್ಳೆಯ ವಸ್ತು. ಮಸೂರವನ್ನು ಚಿಮಟದಿಂದ ತೆಗೆದು ಗ್ರಾಫ್ ಹಾಳೆಯ ಮೇಲಿಟ್ಟ ಗಾಜಿನ ತಟ್ಟೆಯಲ್ಲಿ ವ್ಯಾಸ ಅಳೆಯಿರಿ. ಸಾಮಾನ್ಯವಾಗಿ 14 ಮಿಲಿಮೀಟರ್ ಇರುತ್ತದೆ. ರಾತ್ರಿಯಿಡೀ ಒಣಗಲು ಬಿಟ್ಟು ಮತ್ತೆ ಅಳೆಯಿರಿ. ಶೇಕಡ 38 ನೀರಿನ ಮಸೂರ ಸುಮಾರು ಹನ್ನೊಂದೂವರೆ ಮಿಲಿಮೀಟರಿಗೆ ಇಳಿಯುತ್ತದೆ, ಶೇಕಡ 58 ನೀರಿನದು ಸುಮಾರು ಹತ್ತಕ್ಕೆ. ಎರಡು ವ್ಯಾಸಗಳ ಅನುಪಾತದ ಘನವೇ ಗಾತ್ರಗಳ ಅನುಪಾತ. ಅದರಿಂದ ಹೊರಹೋದ ನೀರಿನ ಗಾತ್ರವನ್ನೂ, ಒಣ ಪಾಲಿಮರಿನ ಸಾಂದ್ರತೆ ನೀರಿನ ಸುಮಾರು 1.27ರಷ್ಟೆಂದು ಹಿಡಿದರೆ ಶೇಕಡವಾರು ತೂಕವನ್ನೂ ವಿದ್ಯಾರ್ಥಿಗಳೇ ಲೆಕ್ಕಹಾಕಬಹುದು. ಪೊಟ್ಟಣದ ಜೊತೆಗಿನ ಚೀಟಿಯಲ್ಲಿ ಮುದ್ರಿಸಿರುವ ನೀರಿನ ಅಂಶದೊಡನೆ ಹೋಲಿಸಿ ನೋಡಿ. ಬಳಿಕ ಒಣ ಮಸೂರವನ್ನು ಉಪ್ಪುನೀರಿಗೆ ಹಾಕಿದರೆ ಅರ್ಧ ಗಂಟೆಯೊಳಗೆ ಅದು ಮತ್ತೆ ಮೆತ್ತಗಾಗಿ, ಏನೂ ಆಗಿಲ್ಲವೆಂಬಂತೆ ಫಳಫಳ ಹೊಳೆಯುತ್ತದೆ. ಒಂದು ಮಸೂರವನ್ನು ಬಟ್ಟಿ ಇಳಿಸಿದ ನೀರಿನಲ್ಲಿ, ಇನ್ನೊಂದನ್ನು ಹತ್ತು ಪಟ್ಟು ಉಪ್ಪಿನ ನೀರಿನಲ್ಲಿ ಇಟ್ಟು ವ್ಯಾಸಗಳನ್ನು ಹೋಲಿಸಿದರೆ, ಮುಚ್ಚಿದ ಬಟ್ಟಲಿನಲ್ಲಿ ವರ್ಷಗಳಲ್ಲಿ ನಡೆಯುವುದನ್ನು ಒಂದು ಪೀರಿಯಡ್ಡಿನಲ್ಲಿ ಕಾಣಬಹುದು.